ತಲೆಸ್ನಾನ ಮಾಡಿ ಬನ್ನಿ

ಹನ್ನೊಂದು ಜನರ ಮಿದುಳಿನ ಅಲೆಗಳು ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲಾಗಿ ನಿಂತಿದ್ದವು. ವೇದಾಳಿಗೆ ಬೇಕಾದದ್ದು ಒಂದರಲ್ಲೂ ಇರಲಿಲ್ಲ.

ಅವಳು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು. ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ದೃಷ್ಟಿ ಕದಲಿಸದೆ ಕೂರುವವರ ತಲೆಯೊಳಗೆ ಆಗುವ ಬದಲಾವಣೆಯಲ್ಲಿ, ಬರೀ ನೋಡುವುದರಿಂದ ಆಗುವುದೆಷ್ಟು, ನಂಬಿಕೆಯಿಂದ ಆಗುವುದೆಷ್ಟು? ಮೈಮೇಲೆ ದೇವರು ಬರುವವರನ್ನು ಹುಡುಕು ಎಂದಿದ್ದರು ಅವಳ ಗೈಡ್. ತಲೆ ಕೊಡವಿದರೆ ದಾಖಲಾಗುವುದು ಕತ್ತಿನ ಸ್ನಾಯುಗಳ ಗದ್ದಲ, ಮಿದುಳಲ್ಲ ಎಂದು ವಾದಿಸಿ, ಅಲುಗಾಡದೆ ಕೂರುವ ಈ ಪೂಜೆಯನ್ನು ಆರಿಸಿಕೊಂಡವಳು ಅವಳೇ. ಲಿಂಗದಷ್ಟೇ ಗಾತ್ರದ, ಅಷ್ಟೇ ತೂಕದ ಕರಿಕಲ್ಲೊಂದನ್ನು ಹೋಲಿಕೆಗಾಗಿ ಮಾಡಿಸಿದ್ದಳು. ಒಂದು ದಿನ ಮೊದಲು ಲಿಂಗ, ಆಮೇಲೆ ಕಲ್ಲು, ಮರುದಿನ ತಿರುವುಮುರುವು. ಸೊರಬದ ತನ್ನ ಮನೆಯಿಂದ ಎರಡು ಬಸ್ಸು ಬದಲಿಸಿ ಮೂರು ವಾರ ದಿನವೂ ಉಡುತಡಿಗೆ ಬಂದುಹೋಗಿದ್ದಳು. ಸೋಮವಾರ ಅಲೆಗಳನ್ನು ದಾಖಲಿಸುವ ಯಂತ್ರವನ್ನೂ ಅದರ ಎಲೆಕ್ಟ್ರೋಡುಗಳ ಟೊಪ್ಪಿಯನ್ನೂ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು. ಈ ದಾಖಲೆಗಳ ಮೇಲೆ ಅವಳ ನಾಲ್ಕು ವರ್ಷದ ಪಿಎಚ್‌ಡಿ ನಿಂತಿತ್ತು. ಇಂದು ಶುಕ್ರವಾರ.

ಲಿಂಗಕ್ಕೂ ಕಲ್ಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಮೇಡಂ, ಅವ್ವನ ತಲೆಯಾಗೆ ಏನಾದ್ರೂ ಸಿಕ್ತಾ?" ಎಂದು ಮೆಕ್ಕೆಜೋಳದ ಚೀಲ ಹೊಲಿಯುತ್ತಿದ್ದ ತೀರ್ಥೇಶ್ ಜಗಲಿಯಿಂದಲೇ ಕೇಳಿದ. "ನಾವು ನಲವತ್ತು ವರ್ಷದಿಂದ ಹುಡುಕ್ತಾ ಇದೀವಿ."

"ನಿನ್ ತಲೆಗೆ ಟೊಪ್ಪಿ ಹಾಕಿದ್ರೆ ಆ ಮಿಷನ್ನೇ ಆಫಾಗ್ತೈತೆ, ಸುಮ್ಕಿರು," ಎಂದರು ಅವನ ತಾಯಿ ಮಹಾದೇವಮ್ಮ. ಪ್ರಯೋಗಕ್ಕೆ ಮೊದಲು ಒಪ್ಪಿದವರು, ಉಳಿದ ಹತ್ತು ಜನರನ್ನು ಮನೆಮನೆಗೆ ಹೋಗಿ ಒಪ್ಪಿಸಿದವರು ಅವರೇ. ಟೊಪ್ಪಿ ಹಾಕಿಸಿಕೊಂಡದ್ದೂ ಎಲ್ಲರೂ ಇದೇ ಪಡಸಾಲೆಯಲ್ಲಿ.

ವೇದಾ ಅವರ ಪಕ್ಕ ಕೂತಳು. "ಅಜ್ಜಿ, ಇಲ್ಲಿ ಲಿಂಗ ನೋಡ್ತಾ ಕೂತಾಗ ನಿಮ್ಗೆ ಏನು ಅನ್ನಿಸ್ತಿತ್ತು?"

"ಏನನ್ನಿಸ್ಬೇಕು ತಾಯಿ? ಪೂಜೆ ಮುಂಜಾನೇನೇ ಆಗಿತ್ತಲ್ಲ."

"ಯಾವ ಪೂಜೆ?"

"ನಂದು. ನೀನೇ ಚೀಟಿ ಕೊಟ್ಟಿದ್ದೆ, ಎಣ್ಣೆ ಹಚ್ಚಬ್ಯಾಡ್ರಿ, ತಲೆಸ್ನಾನ ಮಾಡ್ಕಂಡು ಹತ್ತು ಗಂಟೆಗೆ ಬರ್ರಿ ಅಂತ. ಸ್ನಾನ ಆದ್ಮ್ಯಾಲೆ ಪೂಜೆ ಮಾಡ್ದೆ ಇರಾಕಾಗ್ತೈತಾ? ಪೂಜೆ ಆಗ್ದೆ ಉಣ್ಣಂಗಿಲ್ಲ. ಹತ್ತು ಗಂಟೆ ತಂಕ ಖಾಲಿ ಹೊಟ್ಟೇಲಿ ಕೂತ್ರೆ ನನ್ ಶುಗರ್ ಮಾತ್ರೆ ಗತಿ ಏನು?"

"ಹಾಗಾದ್ರೆ ಇಲ್ಲಿ ಮಾಡಿದ್ದು?"

"ಅದು ನೀನು ಕೇಳ್ದೆ ಅಂತ ಕೂತಿದ್ದು. ಅಲುಗಾಡ್ಬ್ಯಾಡ್ರಿ ಅಂದೆ, ಅಲುಗಾಡ್ಲಿಲ್ಲ."

"ಉಳಿದವ್ರು?"

"ಎಲ್ರಿಗೂ ನಾನೇ ಹೇಳಿದ್ದೆ. ಮನ್ಯಾಗೆ ಮುಗಿಸ್ಕಂಡು ಬರ್ರಿ, ಆ ಹುಡುಗಿ ಹೊತ್ತು ಹಾಳು ಮಾಡ್ಬ್ಯಾಡ್ರಿ ಅಂತ."

ವೇದಾ ಲ್ಯಾಪ್‌ಟಾಪ್ ಮುಚ್ಚಿದಳು. ಬೈಯೋಣವೆಂದರೆ ಯಾರನ್ನು? ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಕಚ್ಚಿಕೊಳ್ಳುವುದಿಲ್ಲವೆಂದು ತಲೆಸ್ನಾನದ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಜೆರಾಕ್ಸ್ ಮಾಡಿಸಿದವಳು ತಾನು. ಸೊರಬದಲ್ಲಿ ಅಪ್ಪ ಸ್ನಾನ, ಪೂಜೆ ಆಗದೆ ಕಾಫಿಯನ್ನೂ ಮುಟ್ಟುವುದಿಲ್ಲ, ಹುಟ್ಟಿದಾಗಿನಿಂದ ನೋಡಿದ್ದಳು. ಓದಿದ ಸಂಶೋಧನಾ ಪ್ರಬಂಧಗಳಲ್ಲೆಲ್ಲ 'ಭಾಗವಹಿಸಿದವರು ಪ್ರಾರ್ಥಿಸಿದರು' ಎಂದು ಒಂದೇ ಸಾಲು ಇರುತ್ತಿತ್ತು. ಪ್ರಯೋಗಾಲಯಕ್ಕೆ ಬರುವ ಮುಂಚೆ ಅವರು ಮನೆಯಲ್ಲಿ ಏನು ಮಾಡಿಕೊಂಡು ಬಂದಿದ್ದರೆಂದು ಯಾರೂ ಬರೆದಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಅಜ್ಜಿ, ನಾಳೆ ಮುಂಜಾನೆ ನಿಮ್ಮ ನಿಜವಾದ ಪೂಜೆ ಹೊತ್ತಿಗೆ ಒಂದು ಸಲ ಕೂರ್ತೀರಾ?"

"ಆ ಟೊಪ್ಪಿ ಹಾಕ್ಕಂಡಾ?" ಮಹಾದೇವಮ್ಮ ಲಿಂಗ ಕಟ್ಟಿದ ಕತ್ತಿನ ಶಿವದಾರದ ಮೇಲೆ ಕೈಯಿಟ್ಟುಕೊಂಡರು. "ಆತು. ಇಷ್ಟು ದಿನ ತಿರುಗಿದೀಯ. ಇಲ್ಲೇ ಉಳ್ಕೋ, ಅಷ್ಟೊತ್ತಿಗೆ ಎಲ್ಲಿ ಬಸ್ಸು?"

ಒಬ್ಬರ ದಾಖಲೆಯಿಂದ ಪ್ರಬಂಧ ಮುಗಿಯುವುದಿಲ್ಲ. ಆದರೆ ವ್ಯತ್ಯಾಸವಿದೆಯೆಂದು ಒಂದು ತಲೆಯಲ್ಲಿ ತೋರಿಸಿದರೂ ಯಂತ್ರವನ್ನು ಇನ್ನೊಂದು ತಿಂಗಳು ಕೇಳಬಹುದಿತ್ತು.

ಮರುದಿನ ಐದೂವರೆಗೆ ಮಹಾದೇವಮ್ಮ ಒದ್ದೆ ಕೂದಲಲ್ಲಿ ಬಂದು ಕೂತರು. ಮೂವತ್ತೆರಡು ಎಲೆಕ್ಟ್ರೋಡುಗಳಿಗೆ ಒಂದೊಂದಾಗಿ ಜೆಲ್ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ವಿಭೂತಿ ಧರಿಸಿ, ಲಿಂಗವನ್ನು ತೊಳೆದು, ಎಡಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸಿದರು. ಎಂಟನೆಯ ನಿಮಿಷಕ್ಕೆ ಹಣೆಯ ಭಾಗದ ನಿಧಾನದ ಅಲೆಗಳು ದಪ್ಪವಾಗತೊಡಗಿದವು. ಹತ್ತನೆಯದಕ್ಕೆ ಸಂಶಯವೇ ಉಳಿಯಲಿಲ್ಲ. ಆಳವಾದ ಏಕಾಗ್ರತೆಯ ಇಂಥ ಚಿತ್ರವನ್ನು ವೇದಾ ಪ್ರಬಂಧಗಳಲ್ಲಿ ಮಾತ್ರ ಕಂಡಿದ್ದಳು. ಉಸಿರಾಟದ ಸದ್ದೂ ಆಗದಂತೆ ಕೂತಳು.

ಟೊಪ್ಪಿ ತೆಗೆಯುವಾಗ, ದಾಖಲೆಯ ನಮೂನೆಯಲ್ಲಿ ಇದೆಯೆಂಬ ಒಂದೇ ಕಾರಣಕ್ಕೆ, ಈವರೆಗೆ ಎಲ್ಲರೂ 'ಆತು' ಎಂದಿದ್ದ ಪ್ರಶ್ನೆಯನ್ನು ಕೇಳಿದಳು. "ಅಜ್ಜಿ, ಪೂಜೆ ಆಯ್ತಾ?"

ಮಹಾದೇವಮ್ಮ ಲಿಂಗವನ್ನು ವಸ್ತ್ರದಲ್ಲಿ ಕಟ್ಟುತ್ತ ಅಡ್ಡಡ್ಡ ತಲೆಯಾಡಿಸಿದರು. "ಇಲ್ಲ ತಾಯಿ. ಬ್ಯಾಸರ ಮಾಡ್ಕಬ್ಯಾಡ. ಈ ಹುಡುಗಿ ಕೆಲ್ಸ ಆಗ್ಲಿ, ಈ ಹುಡುಗಿ ಕೆಲ್ಸ ಆಗ್ಲಿ ಅಂತ ಬೇಡ್ಕಂತಾನೇ ಕೂತಿದ್ದೆ. ಪೂಜೆಗೆ ಕುಂತಾಗ ನಾನು ಯಾವತ್ತೂ ಹಂಗೆ ಏನೂ ಬೇಡಿದ್ದಿಲ್ಲ. ನೀನೇ ಅಡ್ಡ ಬರ್ತಿದ್ದೆ."

"ಆದ್ರೆ ಇಲ್ಲಿ ನೋಡಿ, ಎಷ್ಟು ಚೆನ್ನಾಗಿ ಬಂದಿದೆ."

"ಬಂದಿರ್ಬೋದು. ಅದು ನಿನ್ ಲೆಕ್ಕ. ನಂದು ಆಗಿಲ್ಲ. ತಿರುಗಿ ಸ್ನಾನ ಮಾಡಿ ಕೂರ್ತೀನಿ."

"ಅದಕ್ಕೂ ಟೊಪ್ಪಿ..." ಎನ್ನಲು ಹೋಗಿ ವೇದಾ ನಿಲ್ಲಿಸಿದಳು. ಮುದುಕಿ ಆಗಲೇ ಎದ್ದಿದ್ದರು.

"ಅವ್ವಂಗೆ ಶುಗರ್ ಐತೆ ಮೇಡಂ," ಎಂದ ತೀರ್ಥೇಶ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಇನ್ನು ರೊಟ್ಟಿ ತಿನ್ನೋದು ಎಷ್ಟೊತ್ತಿಗೋ."

ಗೈಡ್ ಮೆಸೇಜು ಕಳಿಸಿದ್ದರು: ಏನಾದರೂ ಸಿಕ್ಕಿತೇ? ಅವಳು ಫೋನನ್ನು ಮಗುಚಿಟ್ಟಳು. ನಮೂನೆಯ ಕೊನೆಯಲ್ಲಿ 'ಪೂಜೆ ಆಯಿತೇ?' ಎಂಬುದರ ಮುಂದೆ ಎರಡು ಚೌಕಗಳಿದ್ದವು. ಬೇಡಿಕೊಳ್ಳುವುದೂ ಭಕ್ತಿಯೇ ಅಲ್ಲವೇ ಎಂದು ಗೈಡ್ ಕೇಳುವುದು ಖಂಡಿತ. ಆದರೆ ಪ್ರಶ್ನೆ ಕೇಳಿದ್ದು ಮಹಾದೇವಮ್ಮನನ್ನು. 'ಇಲ್ಲ' ಎಂಬ ಚೌಕದಲ್ಲಿ ಅವಳು ಗುರುತು ಹಾಕಿದ ರಭಸಕ್ಕೆ ಪೆನ್ನಿನ ಮೊನೆ ತಾಗಿ ಕಾಗದ ಹರಿಯಿತು.

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ನಿಂತಿತು. ಪೂಜೆಗೆಂದು ಒಳಕೋಣೆಯ ಬಾಗಿಲು ಮುಚ್ಚಿಕೊಂಡಿತು. ವೇದಾ ಹಳೆಯ ಟೂತ್‌ಬ್ರಷ್ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತು, ಎಲೆಕ್ಟ್ರೋಡುಗಳಲ್ಲಿ ಒಣಗಿದ ಜೆಲ್ಲನ್ನು ಉಜ್ಜತೊಡಗಿದಳು. ಹದಿನಾಲ್ಕನೆಯದರ ಅಂಟು ಎಷ್ಟು ತಿಕ್ಕಿದರೂ ಬಿಡಲಿಲ್ಲ.