ಚಿಮಣಿಯೊಳಗಿನ ಕಾಗೆಮರಿ

"ಆ ಕೆತ್ತೋದು ಸ್ವಲ್ಪ ನಿಲ್ಲಿಸೋಕೆ ಹೇಳಕ್ಕಾ, ಪೆಟ್ಟಿಗೆ ಹೊರಗೆ ಬರ್ತಿದೆ," ಎಂದು ಮಾವಿಸ್ ಅಕ್ಕ ಡೋರೀನಳ ತೋಳು ಜಗ್ಗಿದಳು.

ನಾಲ್ಕು ಜನ ಕ್ಲಿಫರ್ಡನ ಶವಪೆಟ್ಟಿಗೆಯನ್ನು ಇಕ್ಕಟ್ಟಿನ ಬಾಗಿಲಲ್ಲಿ ಓರೆ ಮಾಡಿ ಬೀದಿಗೆ ಇಳಿಸುತ್ತಿದ್ದರು. ಅಕ್ರಿಂಗ್ಟನ್ ಊರಿನ ಆ ಬೀದಿಯ ಅಷ್ಟೂ ಮನೆಗಳು ಮರ್ಯಾದೆಗೆಂದು ಪರದೆ ಎಳೆದುಕೊಂಡಿದ್ದವು. ಛಾವಣಿಯ ಮೇಲೆ ಮಾತ್ರ ಚಿಮಣಿ ರಿಪೇರಿಯ ಕರ್ಷಾ ಹಳೇ ಗಾರೆ ಕೆತ್ತುತ್ತಿದ್ದ. ಪೆಟ್ಟಿಗೆ ಕಂಡದ್ದೇ ಅವನು ಉಳಿ ಕೆಳಗಿಟ್ಟು ಟೋಪಿ ತೆಗೆದ.

ಡೋರೀನ್ ಕತ್ತೆತ್ತಿ ನೋಡಿದಳು. "ಏನಪ್ಪಾ ಕರ್ಷಾ, ಗಂಡ ಇದ್ದಾಗ ಬಾರದೋನು ಹೆಣ ಹೊರಡೋವಾಗ ಬಂದೆಯಲ್ಲ. ನಾವು ವಾಪಸ್ ಬರೋ ಹೊತ್ತಿಗೆ ಒಳಗೆ ಬೆಂಕಿ ಉರೀತಿರಬೇಕು, ನೋಡು."

"ಆಗಲಿ ತಾಯಿ," ಎಂದನಷ್ಟೇ ಅವನು.

"ಇವತ್ತೇ ಆಗಬೇಕಿತ್ತಾ ಇದು?" ಎಂದಳು ಮಾವಿಸ್, ಕಾರಿನಲ್ಲಿ ಕೂತ ಮೇಲೆ.

"ಇವತ್ತೇ. ಬಂದೋರೆಲ್ಲ ಗಡಗಡ ನಡುಗ್ತಾ ತಿನ್ನಬೇಕಾ? ನಮ್ಮವರಿಗಂತೂ ನನ್ನ ಮಂಡಿ ನೋವಿಗಿಂತ ಚಿಮಣಿಯೊಳಗಿನ ಆ ಕಾಗೆಗಳೇ ಹೆಚ್ಚಾದ್ವು." ಡೋರೀನ್ ಕೈಚೀಲದ ಕೊಂಡಿ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಸತ್ತವನ ಮೇಲೆ ಇಷ್ಟು ಸಿಟ್ಟು ಇಟ್ಟುಕೊಂಡು ಪ್ರಾರ್ಥನೆಗೆ ಹೇಗೆ ಕೂರುವುದೆಂದು ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಬಾಳಿದವನಿಗೆ ತಾನು ಒಂದು ಬೆಂಕಿ ಸರಿಮಾಡಿಸಿ ಕೊಡುವಷ್ಟೂ ಬೇಕಾಗಿರಲಿಲ್ಲವೇ ಎಂಬ ಒಂದೇ ಪ್ರಶ್ನೆ ಒಳಗೆ ಕೊರೆಯುತ್ತಿತ್ತು.

*

ಕಳೆದ ಫೆಬ್ರವರಿಯ ಬಿರುಗಾಳಿ ಚಿಮಣಿಯ ತಗಡಿನ ಟೊಪ್ಪಿಯನ್ನು ಕಿತ್ತು ಪಕ್ಕದ ಮನೆಯ ಹಿತ್ತಲಿಗೆ ಎಸೆದಿತ್ತು. ತೆರೆದ ಬಾಯಿ ಕಂಡಿದ್ದೇ ತಡ, ಸಣ್ಣ ಜಾತಿಯ ಒಂದು ಜೋಡಿ ಕಾಗೆ ಒಳಗೆ ಕಡ್ಡಿ ತುರುಕಿ ಗೂಡು ಕಟ್ಟಿತು. ಗ್ಯಾಸಿನವನು ಬಂದು ಮುಂದಿನ ಕೋಣೆಯ ಗ್ಯಾಸಿನ ಅಗ್ಗಿಷ್ಟಿಕೆಯಲ್ಲಿ ಹೊಗೆ ಬಿಟ್ಟು ನೋಡಿದ. ಹೊಗೆ ಮೇಲೆ ಹೋಗದೆ ಕೋಣೆಗೇ ವಾಪಸ್ ಬಂತು. ಹಚ್ಚಿದರೆ ವಿಷಗಾಳಿ ಕುಡಿದು ಸಾಯುತ್ತೀರಿ ಎಂದು ಗ್ಯಾಸು ನಿಲ್ಲಿಸಿ, ಕೆಂಪು ಚೀಟಿ ಅಂಟಿಸಿ ಹೋದ.

"ಒಳಗೆ ಮರಿ ಇದಾವೆ ಕಣೇ. ಹಾರಿಹೋಗಲಿ," ಎಂದ ಕ್ಲಿಫರ್ಡ್. ಅದು ಸರಿಯೇ, ಡೋರೀನ್ ಕೂಡ ಒಪ್ಪಿದಳು. ಬೇಸಿಗೆಯಲ್ಲಿ ಕೇಳಿದರೆ, "ಎರಡನೇ ಸಲ ಮೊಟ್ಟೆ ಇಟ್ಟಿದಾವೆ," ಎಂದ. ಆಮೇಲೆ, "ಆ ಕರ್ಷಾ ಇವತ್ತು ನಾಳೆ ಅಂತಾನೆ, ಏನ್ಮಾಡಲಿ?"

ಬಸ್ ಓಡಿಸುವುದರಿಂದ ನಿವೃತ್ತನಾದಂದಿನಿಂದ ಅವನದು ಮುಂದಿನ ಕೋಣೆ, ಬೆಂಕಿ, ಟಿವಿ. ಅವಳದು ಅಡುಗೆಮನೆ, ರೇಡಿಯೋ. ಬೆಂಕಿ ಹೋದದ್ದೇ ಅವನು ಕುರ್ಚಿ ಹೊತ್ತುಕೊಂಡು ಅಡುಗೆಮನೆಗೆ ಬಂದ. ಇಬ್ಬರಿಗೂ ಸೇರಿ ಒಂದು ಪುಟ್ಟ ಹೀಟರು. ಆಲೂಗಡ್ಡೆ ಹೆರೆಯುತ್ತೇನೆಂದು ಕೂತು ಅರ್ಧ ಗಡ್ಡೆಯನ್ನು ಸಿಪ್ಪೆಗೇ ಹಾಕುತ್ತಿದ್ದ. ಪದಬಂಧ ಜೋರಾಗಿ ಓದಿ ಅವಳ ಪ್ರಾಣ ತಿನ್ನುತ್ತಿದ್ದ.

"ಬೀರು ಬಾಗಿಲು ತೆಗೆಯೋಕಾಗ್ತಿಲ್ಲ. ನೀವು ಬರೀ ಅಡ್ಡ," ಎಂದರೆ, "ಅಡ್ಡ ಇರೋಕೇ ಬಂದಿರೋದು," ಎನ್ನುತ್ತಿದ್ದ.

*

ಮಣ್ಣು ಮಾಡಿ ಬರುವಾಗ ಎಲ್ಲರ ಮೂಗೂ ಕೆಂಪಾಗಿತ್ತು. ಮುಂದಿನ ಕೋಣೆಯಲ್ಲಿ ಗ್ಯಾಸಿನ ಬೆಂಕಿ ಉರಿಯುತ್ತಿತ್ತು. ಕರ್ಷಾನ ಜೊತೆ ಬಂದಿದ್ದ ಗ್ಯಾಸಿನವನು ಪರೀಕ್ಷೆ ಮಾಡಿ, ಹಚ್ಚಿ, ಚೀಟಿ ಕಿತ್ತು ಹೋಗಿದ್ದ. ಬಂದವರು ಕೋಟು ಬಿಚ್ಚಿ, ಹಂದಿಮಾಂಸದ ಹೋಳು ಬಡಿಸಿಕೊಂಡು, ಕ್ಲಿಫರ್ಡ್ ಬಸ್ಸಿನ ಹಿಂದೆ ಓಡಿ ಬರುವವರಿಗೆ ಕಾಯುತ್ತಿದ್ದದ್ದನ್ನು ನೆನೆದರು. ಸಾವಿನ ಊಟಕ್ಕೆ ಹಂದಿಮಾಂಸ ಇರಲೇಬೇಕೆಂಬುದು ಆ ಊರಿನ ರೂಢಿ; ಅದಿಲ್ಲದೆ ಮಣ್ಣು ಮಾಡಿದರೆಂಬ ಮಾತು ಬರಲಿಲ್ಲ. ಆದರೂ ಡೋರೀನ್ ಕೂರಲಿಲ್ಲ. ತುಂಬಿದ ಬಟ್ಟಲಿಗೇ ಮತ್ತೆ ಚಹಾ ಹಾಕಲು ಹೋದಳು.

ಹಿಂಬಾಗಿಲಲ್ಲಿ ಕರ್ಷಾ ಏಣಿ ಒರಗಿಸುತ್ತಿದ್ದ. ಅವಳು ಅವನನ್ನು ಅಡುಗೆಮನೆಗೆ ಕರೆದು ತಟ್ಟೆ ಕೊಟ್ಟಳು. ಬೈಗುಳವನ್ನೂ ಬಡಿಸಿದಳು.

"ಪಾಪ, ಫೋನ್ ಮಾಡಿ ಮಾಡಿ ಸೋತ್ರು ಅವರು. ನಿನಗೆ ಕರುಣೆನೇ ಬರಲಿಲ್ಲ."

ಅವನು ಬ್ರೆಡ್ಡು ಕೆಳಗಿಟ್ಟ. "ಬೆಳಿಗ್ಗೆಯಿಂದ ಸುಮ್ಮನಿದ್ದೆ ತಾಯಿ, ಹೆಣದ ಮುಂದೆ ಯಾಕೆ ಮಾತು ಅಂತ. ಜೂನಲ್ಲೇ ಬಂದಿದ್ದೆ ನಾನು. ನೀವು ತಂಗಿ ಮನೆಗೆ ಹೋಗಿದ್ರಿ. ಏಣಿ ಹತ್ತಿ ನೋಡಿದೆ, ಗೂಡು ಖಾಲಿ."

"ಎರಡನೇ ಸಲ ಮೊಟ್ಟೆ ಇಟ್ಟಿತ್ತಲ್ಲ?"

"ಈ ಕಾಗೆ ವರ್ಷಕ್ಕೆ ಒಂದೇ ಸಲ ಇಡೋದು. ಇಳಿ ಕೆಳಗೆ ಅಂದ್ರು ಕ್ಲಿಫರ್ಡ್. ಇದೇ ಜಾಗದಲ್ಲಿ ಕೂರಿಸಿ ಚಹಾ ಕೊಟ್ಟು ಕಳಿಸಿದ್ರು. ಆಮೇಲೆ ಕೆಲಸ ಇಲ್ಲದಾಗ ನಾನೇ ಫೋನ್ ಮಾಡಿದ್ರೂ ಬೇಡ ಅಂದ್ರು."

"ಯಾಕಂತೆ?"

ಕರ್ಷಾ ಕಿವಿ ಕೆರೆದುಕೊಂಡ. "'ಬೆಂಕಿ ಹತ್ತಿದ್ರೆ ಅವಳು ನನ್ನನ್ನ ಮತ್ತೆ ಆ ರೂಮಿಗೆ ಓಡಿಸ್ತಾಳೆ ಕಣಯ್ಯಾ,' ಅಂದ್ರು."

ಡೋರೀನ್ ಹಂದಿಮಾಂಸದಿಂದ ಇನ್ನೊಂದು ಹೋಳು ಕೊಯ್ದಳು. ಸುಳ್ಳುಬುರುಕ ಗಂಡ, ಎಂದುಕೊಂಡಳು. ಬೈಯಲು ಎದುರಿಗೆ ಅವನಿಲ್ಲವೆಂಬುದು ಈಗ, ಮೊದಲ ಸಲ, ಅವಳಿಗೆ ನಿಜವೆನಿಸಿತು.

"ಇನ್ನೊಂದು ಹೋಳು ಹಾಕ್ಕೋ," ಎಂದಳು.

ಕರ್ಷಾ ತಿಂದು, ಕೈ ತೊಳೆದು ಹೋದ. ಅವಳು ಹೀಟರಿನ ಪಕ್ಕ, ಕ್ಲಿಫರ್ಡ್ ಹೊತ್ತು ತಂದಿದ್ದ ಕುರ್ಚಿಯಲ್ಲಿ ಕೂತಳು. ಅದನ್ನು ಹಚ್ಚಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಾವಿಸ್ ಹುಡುಕಿಕೊಂಡು ಬಂದಳು.

"ಇಲ್ಲೇನಕ್ಕಾ ಮಾಡ್ತಿದೀಯ, ಈ ಚಳೀಲಿ? ಅಲ್ಲಿ ಎಷ್ಟು ಬೆಚ್ಚಗಿದೆ, ಬಾ."

ಡೋರೀನ್ ಕೋಟಿನ ಗುಂಡಿ ಹಾಕಿಕೊಂಡಳು.

"ಬಾಗಿಲು ಎಳ್ಕೊಂಡು ಹೋಗೇ," ಎಂದಳು. "ಬಿಸಿ ಒಳಗೆ ಬರ್ತಿದೆ."