ತೆರೆದು ನಿಲ್ಲದ ಪುಸ್ತಕ

ಬೀದಿಯವರಿಗೆಲ್ಲ ಅವನು ದರ್ಜಿ. ಐವತ್ತು ದಾಟಿ ಕನ್ನಡಕ ಮೂಗಿನ ತುದಿಗೆ ಇಳಿದಿದ್ದರೂ ಅಕ್ಕನಿಗೆ ಮಾತ್ರ ಪುಟ್ಟ. ತಾಯಿ ತೀರಿಕೊಂಡ ಮೇಲೆ ಮೂಗು ಒರೆಸಿ ಬೆಳೆಸಿದವಳು ಅವಳೇ, ಹಾಗಾಗಿ ಆ ಹೆಸರಿನ ಬಗ್ಗೆ ಚಕಾರ ಎತ್ತುವ ಹಾಗಿರಲಿಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅಕ್ಕ ನಿವೃತ್ತಳಾಗಿ, ಇನ್ನಾದರೂ ನನಗಾಗಿ ನಾಲ್ಕು ಚಿತ್ರ ಬರೆಯುತ್ತೇನೆ ಎಂದು ಕುಂಚ ತೊಳೆದಿಟ್ಟುಕೊಳ್ಳುವಷ್ಟರಲ್ಲಿ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಬಲಗೈ ಹೋಯಿತು. ಹೋಗಿ ಹೋಗಿ ಆ ಕೈಯೇ ಬೇಕಾಗಿತ್ತೇ ಅದಕ್ಕೆ.

ಈಗ ಅವಳು ತಮ್ಮನ ಮನೆಯಲ್ಲಿ, ಅಂಗಡಿಗೆ ತಗುಲಿದ ಕೋಣೆಯಲ್ಲಿ ಇದ್ದಳು. ನೋಡಿಕೊಳ್ಳುವುದರಲ್ಲಿ ಯಾರೂ ಕಡಿಮೆ ಮಾಡಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಗುಂಡಿ ಹಾಕಲು ಒಬ್ಬರು, ತಲೆ ಬಾಚಲು ಒಬ್ಬರು, ತಟ್ಟೆ ಜಾರದಂತೆ ಹಿಡಿಯಲು ಒಬ್ಬರು. ಬಚ್ಚಲಿಗೆ ಹೋದರೂ ದರ್ಜಿಯ ಹೆಂಡತಿ ಬಾಗಿಲ ಹೊರಗೆ ನಿಂತು "ಆಯ್ತಾ ಅತ್ತಿಗೆ?" ಎಂದು ಕೇಳುತ್ತಿದ್ದಳು. ಪ್ರೀತಿಯಿಂದಲೇ ಕೇಳುತ್ತಿದ್ದಳು, ಪಾಪ. ಆದರೆ ಯಾರ ಕಣ್ಣೂ ಬೀಳದ ಒಂದು ಗಳಿಗೆ ಅಕ್ಕನಿಗೆ ಸಿಗುತ್ತಿರಲಿಲ್ಲ.

ಒಂದು ದಿನ ಅವಳು ತಮ್ಮನನ್ನು ಹತ್ತಿರ ಕರೆದಳು. ಮಡಿಲಲ್ಲಿ ಅವಳ ಹಳೆಯ ಚಿತ್ರದ ಪುಸ್ತಕವಿತ್ತು. ರಟ್ಟು ಗಟ್ಟಿಯಾಗಿಯೇ ಇತ್ತು, ಒಳಗಿನ ಹಾಳೆ ಮಾತ್ರ ತೀರಾ ತೆಳು. ನೀರು ತಗುಲಿದರೆ ಸುಕ್ಕಾಗಿ ಬಣ್ಣ ಆಚೆ ಬದಿಗೆ ಇಳಿಯುತ್ತಿತ್ತು.

"ಪುಟ್ಟಾ, ಎಡಗೈಲಿ ಬರೆಯೋದು ಕಲ್ತಿದೀನಿ ಕಣೋ. ಪೆನ್ಸಿಲ್ ಹೇಳಿದ ಮಾತು ಕೇಳಲ್ಲ, ಕುಂಚ ಸ್ವಲ್ಪ ಕೇಳುತ್ತೆ. ಬೀರು ಮೇಲೆ ನನ್ನ ವಾಟರ್ ಕಲರ್ ಹಾಳೆ ಇದೆಯಲ್ಲ, ಅದನ್ನ ಕತ್ತರಿಸಿ ಈ ರಟ್ಟಿಗೆ ಹೊಲಿದು ಕೊಡ್ತೀಯಾ?"

ಆ ಹಾಳೆಗಳ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಲಸದಲ್ಲಿದ್ದಾಗ ಒಂದೊಂದಾಗಿ ಕೊಂಡು, ಬಳಸಲು ಮನಸ್ಸಾಗದೆ ಎತ್ತಿಟ್ಟದ್ದು. ದಪ್ಪ ಹತ್ತಿಯ ಕಾಗದ. ಅದನ್ನು ಸಣ್ಣ ಯಂತ್ರದಲ್ಲಿ ಮಾಡುತ್ತಿದ್ದ ಮುದುಕ ಸತ್ತ ಮೇಲೆ ಆ ಕಾರ್ಖಾನೆಯೂ ಮುಚ್ಚಿತ್ತು. ಒಳ್ಳೆಯದನ್ನು ನಾಳೆಗೆಂದು ಇಟ್ಟುಕೊಂಡು ಕೂರುವುದು ಅಕ್ಕ ತಮ್ಮ ಇಬ್ಬರಿಗೂ ಅಂಟಿದ ಜಾಡ್ಯ.

"ಬಿಡಿ ಹಾಳೆ ಸಾಲ್ದಾ ಅಕ್ಕಾ? ಹಲಗೆಗೆ ಅಂಟಿಸಿ ಕೊಡ್ತೀನಿ."

"ಒಂದು ಮುಗಿದ್ರೆ ಇನ್ನೊಂದು ಅಂಟಿಸೋಕೆ ನಿನ್ನನ್ನೇ ಕೂಗ್ಬೇಕಲ್ಲೋ. ಪುಸ್ತಕ ಆದ್ರೆ ನಾನೇ ಮಗುಚ್ತೀನಿ. ಆದ್ರೆ ಒಂದು ಮಾತು. ತೆಗೆದಿಟ್ರೆ ಅದು ಹಾಗೇ ಅಗಲವಾಗಿ ಬಿದ್ಕೊಂಡಿರ್ಬೇಕು. ಹಿಡ್ಕೊಳ್ಳೋಕೆ ನಂಗೆ ಇನ್ನೊಂದು ಕೈಯಿಲ್ಲ. ಕತ್ತರಿಸೋ ಮುಂಚೆ ಬಗ್ಗಿಸಿ ನೋಡು, ಯಾವ ಕಡೆ ಸಲೀಸಾಗಿ ಬಗ್ಗುತ್ತೋ ಆ ಕಡೆಗೇ ಮಡಚು."

"ಬಟ್ಟೆಗೆ ಉದ್ದನೂಲು ಅಡ್ಡನೂಲು ಇದ್ದ ಹಾಗೆ. ನಂಗೆ ಹೇಳಿಕೊಡ್ತೀಯಾ?"

"ಒಂದು ಗಂಟೆ ಬಾಗಿಲು ಹಾಕ್ಕೊಂಡು ನನ್ನಷ್ಟಕ್ಕೆ ನಾನು ಕೂತ್ಕೋಬೇಕು ಪುಟ್ಟಾ. ಬೇರೇನೂ ಬೇಡ ನಂಗೆ."

ದರ್ಜಿ ಮೇಜು ಒರೆಸಿ, ಸೀಮೆಸುಣ್ಣದ ಪುಡಿ ಕೊಡವಿ, ಹಾಳೆ ಹಾಸಿದ. ಬಗ್ಗಿಸಿ ನೋಡಿದ. ಒಂದು ಕಡೆ ಸಲೀಸಾಗಿ ಬಗ್ಗಿತು, ಇನ್ನೊಂದು ಕಡೆ ಮೊಂಡಾಟ ಮಾಡಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಳತೆಪಟ್ಟಿ ಇಟ್ಟು ನೋಡಿದಾಗ ಎಡವಟ್ಟು ಶುರುವಾಯಿತು. ಅಕ್ಕ ಹೇಳಿದಂತೆ ಕತ್ತರಿಸಿದರೆ ಪ್ರತಿ ಹಾಳೆಯ ಅಂಚಿನಲ್ಲೂ ನಾಲ್ಕು ಬೆರಳಗಲದ ಪಟ್ಟಿ ದಂಡವಾಗುತ್ತಿತ್ತು. ಮೊಂಡಾಟ ಮಾಡಿದ ಕಡೆಗೇ ಮಡಿಕೆ ಬರುವಂತೆ ಅಡ್ಡಕ್ಕೆ ತಿರುಗಿಸಿದರೆ ಚೂರೂ ಉಳಿಯುತ್ತಿರಲಿಲ್ಲ, ಮೇಲಾಗಿ ಪುಟಗಳೂ ಹೆಚ್ಚು ಬರುತ್ತಿದ್ದವು.

ಮೂವತ್ತು ವರ್ಷ ಬಟ್ಟೆಯ ಚಿಂದಿಯನ್ನೂ ಎಸೆಯದವನ ಕೈ ಅದು. ಅಕ್ಕ ಜೀವದಂತೆ ಕಾಪಾಡಿದ ಕಾಗದವನ್ನು ಕಸದ ಬುಟ್ಟಿಗೆ ಹಾಕಲು ಆ ಕೈ ಒಪ್ಪಲಿಲ್ಲ. ಬಟ್ಟೆಯನ್ನು ಅಡ್ಡನೂಲಿಗೆ ಕತ್ತರಿಸಿದರೆ ಒಗೆದ ಮೇಲೆ ಸೊಟ್ಟಗಾಗುತ್ತದೆ, ನಿಜ. ಕಾಗದವನ್ನು ಯಾರು ಒಗೆಯುತ್ತಾರೆ ಎಂದುಕೊಂಡ. ಅಯ್ಯೋ ಮಹಾರಾಯ, ನೀರು ಹಚ್ಚುವುದಕ್ಕೆಂದೇ ಇರುವ ಕಾಗದವಲ್ಲವೇ ಅದು. ಹಾಳೆಗಳನ್ನೆಲ್ಲ ಅಡ್ಡಕ್ಕೆ ತಿರುಗಿಸಿ, ಒಂದನ್ನೂ ಬಿಡದೆ ಕತ್ತರಿಸಿದ.

ಹೊಲಿಗೆಯಲ್ಲಿ ಮಾತ್ರ ಬೆರಳು ತೋರಿಸುವ ಹಾಗಿರಲಿಲ್ಲ. ಮಡಿಕೆಯೊಳಗೆ ದಬ್ಬಳದಿಂದ ತೂತು ಮಾಡಿ, ಮೇಣ ಸವರಿದ ದಾರ ಪೋಣಿಸಿ, ಬೆನ್ನಿಗೆ ಅಂಟು ಬಳಿದು, ಹಳೆಯ ರಟ್ಟಿನೊಳಗೆ ಕೂರಿಸಿದ. ಇಸ್ತ್ರಿಪೆಟ್ಟಿಗೆ ಹೇರಿ ಒಣಗಲು ಬಿಟ್ಟ. ಒಣಗಿದ ಮೇಲೆ ಎರಡೂ ಕೈಯಿಂದ ಬಿಡಿಸಿ ಹಿಡಿದು ನೋಡಿದ. ಚೆನ್ನಾಗಿ ತೆರೆಯಿತು. ಹೆಂಡತಿಯನ್ನು ಕರೆದು ತೋರಿಸಿದ, ಅವಳೂ ಚೆನ್ನಾಗಿದೆ ಎಂದಳು. ಒಂದೇ ಕೈಯಲ್ಲಿ ತೆರೆದು ನೋಡಬೇಕೆಂದು ನಾಲ್ಕು ಕೈಯಿದ್ದ ಆ ಇಬ್ಬರಿಗೂ ಹೊಳೆಯಲಿಲ್ಲ.

ಅಕ್ಕನಿಗೆ ಹಿಡಿಸಲಾರದಷ್ಟು ಖುಷಿ. ಎಡಗೈಯಿಂದ ಹಾಳೆ ಸವರಿ, "ಇಷ್ಟು ದಪ್ಪ ಆಯ್ತಾ? ಸಾಯೋವರೆಗೂ ಬರೆದ್ರೂ ಮುಗಿಯಲ್ವಲ್ಲೋ" ಎಂದಳು. ಬಣ್ಣದ ಡಬ್ಬಿ, ನೀರಿನ ಲೋಟ ಎಲ್ಲವನ್ನೂ ಎಡಗಡೆ ಇಡಿಸಿದಳು. "ಇನ್ನು ಹೊರಡಿ ಎಲ್ಲರೂ. ನಾನು ಕರೆಯೋವರೆಗೂ ಯಾರೂ ಬರ್ಬೇಡಿ."

ದರ್ಜಿ ಬಾಗಿಲೆಳೆದುಕೊಂಡು ಬಂದು ಹೊಲಿಗೆಯಂತ್ರದ ಮುಂದೆ ಕೂತ. ಸದ್ದಾದೀತೆಂದು ತುಳಿಯಲಿಲ್ಲ. ಸ್ವಲ್ಪ ಹೊತ್ತು ಒಳಗಡೆ ಕುಂಚ ಲೋಟಕ್ಕೆ ತಾಗುವ ಸದ್ದು ಬರುತ್ತಿತ್ತು. ಆಮೇಲೆ ಟಪ್ ಎಂದಿತು. ಮತ್ತೆ ಕುಂಚದ ಸದ್ದು, ಮತ್ತೆ ಟಪ್. ಏನಾಗುತ್ತಿದೆಯೆಂದು ಅವನಿಗೆ ಆಗಲೇ ಗೊತ್ತಾಯಿತು.

ಹೆಂಡತಿ ಅಡುಗೆಮನೆಯಿಂದ ಬಂದಳು. "ಹೋಗಿ ನೋಡಬಾರ್ದೇನ್ರೀ?"

"ಕರೆದಿಲ್ಲ ಕಣೇ."

"ಏನೋ ಬೀಳ್ತಿದೆ."

"ಬೀಳ್ತಿಲ್ಲ. ಮುಚ್ಕೊಳ್ತಿದೆ."

ಇಬ್ಬರೂ ಬಾಗಿಲು ನೋಡುತ್ತಾ ನಿಂತರು. ಒಳಗೆ ಹೋದರೆ ಅವಳ ಗಂಟೆಯನ್ನು ಕಿತ್ತುಕೊಂಡಂತೆ, ಹೋಗದಿದ್ದರೆ ಅವಳೊಬ್ಬಳೇ ಆ ಹಾಳು ಪುಸ್ತಕದ ಜೊತೆ ಗುದ್ದಾಡಬೇಕು. ಕೊನೆಗೊಮ್ಮೆ ಟಪ್ ಎಂದ ಮೇಲೆ ಕುಂಚದ ಸದ್ದು ಬರಲಿಲ್ಲ.

"ಪುಟ್ಟಾ, ಬಾ" ಎಂದಳು ಅಕ್ಕ.

ಅವಳ ಗಲ್ಲಕ್ಕೆ ನೀಲಿ ಬಣ್ಣ ಹತ್ತಿತ್ತು. ಹಾಳೆಯನ್ನು ಗಲ್ಲದಿಂದ ಒತ್ತಿ ಹಿಡಿಯಲು ನೋಡಿದ್ದಾಳೆ ಎಂದು ತಿಳಿದು ಅವನಿಗೆ ತಲೆ ಎತ್ತಲಾಗಲಿಲ್ಲ. ಪುಸ್ತಕ ತೆರೆದ. ಹಸಿ ಬಣ್ಣ ಎದುರಿನ ಪುಟಕ್ಕೂ ಮೆತ್ತಿಕೊಂಡು ಎರಡೂ ಕಡೆ ರಾಡಿಯಾಗಿತ್ತು. ಆದರೂ ಏನು ಬರೆದಿದ್ದಳೆಂದು ಗೊತ್ತಾಗುತ್ತಿತ್ತು. ಒಳಕ್ಕೆ ಮಡಚಿಕೊಂಡ ಬೆರಳುಗಳು, ಇಳಿಬಿದ್ದ ಮಣಿಕಟ್ಟು. ಮಡಿಲಲ್ಲಿ ಬಿದ್ದಿದ್ದ ತನ್ನ ಬಲಗೈಯನ್ನೇ ಅವಳು ನೋಡಿ ಬರೆಯುತ್ತಿದ್ದಳು.

ಅವನು ನೋಡಿದ್ದನ್ನು ಕಂಡು ಅಕ್ಕ ಶಾಲನ್ನು ಆ ಕೈಯ ಮೇಲೆ ಎಳೆದುಕೊಂಡಳು.

"ಅಡ್ಡಕ್ಕೆ ಕತ್ತರಿಸ್ಬಿಟ್ಟೆ ಅಕ್ಕಾ" ಎಂದ ದರ್ಜಿ. "ನೀನು ಹೇಳಿದ್ದೆ. ವೇಸ್ಟ್ ಆಗುತ್ತಲ್ಲ ಅಂತ..."

"ಎಷ್ಟು ಪುಟ ಹೆಚ್ಚಿಗೆ ಬಂತು?"

"ಹನ್ನೆರಡು."

ಅವಳಿಗೆ ನಗು ಬಂತು, ಬಾಯಿಯ ಒಂದು ಬದಿ ಮಾತ್ರ ನಕ್ಕಿತು. "ನಾನಾಗಿದ್ರೂ ಹಾಗೇ ಮಾಡ್ತಿದ್ದೆನೋ ಏನೋ. ಹಾಳೆ ಏನಾದ್ರೂ ಉಳಿದಿದ್ಯಾ?"

"ಇಲ್ಲ."

"ಬೈದ್ರೆ ಸರಿಹೋಗುತ್ತಾ? ಹೋಗೋ ಹಾಗಿದ್ರೆ ಬೈತೀನಿ."

ಅವನು ಬಿಚ್ಚಿ ಕ್ಲಿಪ್ ಹಾಕುತ್ತೇನೆಂದ, ಭಾರ ಇಡುತ್ತೇನೆಂದ, ಬೆನ್ನು ಸಡಿಲ ಮಾಡುತ್ತೇನೆಂದ. ಹೇಳುತ್ತಾ ಹೋದಂತೆ ಅವನಿಗೇ ಗೊತ್ತಾಗುತ್ತಿತ್ತು. ಕ್ಲಿಪ್ ಹಾಕುವವನೂ ತೆಗೆಯುವವನೂ ಅವನೇ ಆಗಬೇಕು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

"ಸದ್ಯಕ್ಕೆ ನೀನೇ ಹಿಡ್ಕೋ" ಎಂದಳು.

ದರ್ಜಿ ಅವಳ ಪಕ್ಕ ಮಂಡಿಯೂರಿ, ಹೊಸ ಪುಟ ಮಗುಚಿ, ಎರಡೂ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದ. ಹಾಳೆ ಈಗ ಅಲುಗಾಡಲಿಲ್ಲ. ಅಕ್ಕ ಕುಂಚ ಅದ್ದಿ ಹಾಳೆಯ ಮೇಲೆ ಎತ್ತಿ ಹಿಡಿದಳು. ತುದಿಯಿಂದ ಒಂದು ಹನಿ ಬಿತ್ತು. ಶಾಲಿನ ಕೆಳಗಿದ್ದ ಕೈಯನ್ನು ಅವಳು ಹೊರಗೆ ತೆಗೆಯಲಿಲ್ಲ.

"ಏನು ಬರೀಲಿ ಹೇಳು" ಎಂದಳು.

ಅವನು ಸುತ್ತ ನೋಡಿದ.

"ಕಿಟಕಿಯಲ್ಲಿ ಹೂವಿನ ಕುಂಡ ಇದೆಯಲ್ಲ ಅಕ್ಕಾ."

"ಹ್ಞೂಂ, ಅದನ್ನೇ ಬರೀತೀನಿ" ಎಂದು ಅಕ್ಕ ಕುಂಡ ಬರೆಯತೊಡಗಿದಳು.