ಚಿಕ್ಕೋಡಿಯ ಬದಿಯಲ್ಲಿ ನಿಪ್ಪಾಣಿಯವನು

ನಮ್ಮ ನಿಪ್ಪಾಣಿಯ ಅಕ್ಬರಸಾಬನಿಗೆ ಜಗತ್ತಿನಲ್ಲಿ ಕಂಡರಾಗದ ಊರು ಒಂದೇ, ಚಿಕ್ಕೋಡಿ. ಆ ಊರು ಅವನಿಗೆ ಯಾವ ಕೇಡನ್ನೂ ಮಾಡಿಲ್ಲ. ಅಲ್ಲಿಯವರು ಹಾಕಿ ಆಡುತ್ತಾರೆ, ಅಷ್ಟೇ. ಇಪ್ಪತ್ತೆರಡು ವರ್ಷಗಳಿಂದ ಅವನು ಮೈದಾನದ ಒಂದು ಬದಿಗೆ ನಿಂತು ಚಿಕ್ಕೋಡಿ ತಂಡವನ್ನು ಬೈಯುವುದು, ಎದುರು ಬದಿಯಿಂದ ಚಿಕ್ಕೋಡಿಯ ಕಿರಾಣಿ ಅಂಗಡಿಯ ತವನಪ್ಪ ಅದನ್ನು ಬಡ್ಡಿ ಸಮೇತ ತಿರುಗಿಸುವುದು ನಡೆದುಬಂದಿತ್ತು. ಚಿಕ್ಕೋಡಿಯವರು ಬೇರೆ ತಂಡದ ಜೊತೆ ಆಡಿದರೂ ಇವನು ಹೋಗುತ್ತಿದ್ದ, ಅವರ ಗೋಲಿಗೆ ಚೆಂಡು ಬಿದ್ದಾಗ ಚಪ್ಪಾಳೆ ಹೊಡೆಯುವುದಕ್ಕೆ.

ಅಕ್ಬರಸಾಬ ಗಾದಿ ಹೊಲಿಯುವವನು. ಮದುವೆಯಾಗದೆ ಉಳಿದವನು. ಅವನ ಜೊತೆ ಜನ ಆಡುವ ಮಾತೆಲ್ಲ ಹತ್ತಿ ಎಷ್ಟು ಬೇಕು, ಯಾವತ್ತು ಕೊಡುತ್ತಿ ಎನ್ನುವುದರಲ್ಲೇ ಮುಗಿಯುತ್ತಿತ್ತು. ಅವನ ಹೆಸರು ಹಿಡಿದು ಗಟ್ಟಿಯಾಗಿ ಕರೆಯುತ್ತಿದ್ದವನು ತವನಪ್ಪ ಒಬ್ಬನೇ, ಅದೂ ಬೈಯಲಿಕ್ಕೆ.

ಈ ವರ್ಷ ಆರು ಊರಿನ ಲೀಗಿನಲ್ಲಿ ನಮ್ಮ ತಂಡ ಹೇಗೋ ನಾಲ್ಕನೆಯ ಜಾಗಕ್ಕೆ ಬಂದು ಕೂತಿತ್ತು. ಮೊದಲ ನಾಲ್ಕು ತಂಡಕ್ಕೆ ಸೆಮಿಫೈನಲ್. ನಮ್ಮ ಪಂದ್ಯಗಳೆಲ್ಲ ಮುಗಿದಿದ್ದವು. ಉಳಿದದ್ದು ಒಂದೇ, ಚಿಕ್ಕೋಡಿ ಮತ್ತು ಅಥಣಿಯದು. ಅಥಣಿ ಸೋತರೆ ನಾವು ಒಳಗೆ. ಅಥಣಿ ಗೆದ್ದರೂ, ಸಮ ಮಾಡಿಕೊಂಡರೂ ನಾವು ಹೊರಗೆ. ಈ ಸಲವೂ ಸೆಮಿಫೈನಲ್ ಮುಟ್ಟದಿದ್ದರೆ ತಂಡವನ್ನೇ ಮುಚ್ಚುವುದೆಂದು ಕಮಿಟಿಯವರು ತೀರ್ಮಾನಿಸಿದ್ದರು. ಹುಡುಗರೆಲ್ಲ ಕ್ರಿಕೆಟ್ಟಿಗೆ ಹೋಗಿಯಾಗಿತ್ತು. ಸ್ಟಿಕ್ಕು ಹಿಡಿಯುವ ಹೊಸಬರು ಸಿಗುತ್ತಿರಲಿಲ್ಲ.

ಅಂದರೆ ನಮ್ಮ ತಂಡ ಉಳಿಯಬೇಕಾದರೆ ಚಿಕ್ಕೋಡಿ ಗೆಲ್ಲಬೇಕಿತ್ತು. ಚಿಕ್ಕೋಡಿಗೆ ಜೈ ಅನ್ನಲು ನಿಪ್ಪಾಣಿಯಿಂದ ಒಬ್ಬರೂ ಏಳಲಿಲ್ಲ. ಮಾನ ಮರ್ಯಾದೆ ಇರುತ್ತದಲ್ಲ. ಅಕ್ಬರಸಾಬ ಅಂಗಡಿಯ ಬಾಗಿಲು ಹಾಕಿ ಒಬ್ಬನೇ ಬಸ್ಸು ಹತ್ತಿದ.

ಚಿಕ್ಕೋಡಿಯವರ ಬದಿಯಲ್ಲಿ ಅವನನ್ನು ಕಂಡು ಜನ ಮೊಣಕೈಯಿಂದ ತಿವಿದುಕೊಂಡು ನಕ್ಕರು. ತವನಪ್ಪ ನಗಲಿಲ್ಲ. ಲೀಗಿನ ಲೆಕ್ಕ ಅವನಿಗೂ ಬಾಯಿಪಾಠ. ತಾನು ಕೂತಿದ್ದ ಗೋಣಿಚೀಲದ ಮೇಲೆ ಪಕ್ಕಕ್ಕೆ ಸರಿದು, ಕೂಡು ಎಂದು ಕೈಸನ್ನೆ ಮಾಡಿದ. ಚುರುಮುರಿಯ ಪೊಟ್ಟಣವನ್ನು ಇಬ್ಬರ ನಡುವೆ ಇಟ್ಟ.

ಚಿಕ್ಕೋಡಿ ಮೊದಲಾರ್ಧದಲ್ಲೇ ಒಂದು ಗೋಲು ಹೊಡೆಯಿತು. ಇಬ್ಬರೂ ಎದ್ದು ಕುಣಿದರು. ಅಕ್ಬರಸಾಬನ ಹೆಗಲ ಮೇಲೆ ತವನಪ್ಪನ ಕೈ ಬಿತ್ತು, ಬಿದ್ದದ್ದು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಇಷ್ಟು ವರ್ಷ ಎದುರು ಬದಿಯಿಂದ ಕೇಳಿದ ಆ ಗಂಟಲು ಕಿವಿಯ ಪಕ್ಕದಲ್ಲೇ ಕೂಗುತ್ತಿತ್ತು. ಅಕ್ಬರಸಾಬನಿಗೆ ತುಂಬಾ ಖುಷಿಯಾಯಿತು. ಪಂದ್ಯ ಮುಗಿಯುವುದೇ ಬೇಡ ಅನ್ನಿಸಿತು.

ಇನ್ನು ಎರಡು ನಿಮಿಷ ಇದ್ದಾಗ ಅಥಣಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹೊಡೆತಕ್ಕೆ ಚೆಂಡು ಕೀಪರನ ಕಾಲಿಗೆ ತಾಗಿ ಚಿಕ್ಕೋಡಿಯ ಗೋಲಿನೊಳಗೆ ಉರುಳಿತು. ಇಡೀ ಬದಿ ತೆಪ್ಪಗಾಯಿತು. ಆ ಮೌನದಲ್ಲಿ ಒಬ್ಬನೇ ಒಬ್ಬ ನೆಗೆದೆದ್ದು ಕೈಯೆತ್ತಿ ಚಪ್ಪಾಳೆ ಹೊಡೆಯುತ್ತಿದ್ದ, ಅಕ್ಬರಸಾಬ. ನಾಲ್ಕೈದು ಚಪ್ಪಾಳೆ ಆದಮೇಲೆ ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿಯಿತು. ಕೈ ಕೆಳಗಿಳಿಸಿ ಕೂತ. ತವನಪ್ಪ ಮೈದಾನವನ್ನೇ ನೋಡುತ್ತಿದ್ದ. ಪಂದ್ಯ ಒಂದಕ್ಕೊಂದು ಸಮವಾಗಿ ಮುಗಿಯಿತು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಅಕ್ಬರಸಾಬ ಬಸ್ ಸ್ಟ್ಯಾಂಡ್ ಸೇರುವುದರೊಳಗೆ ವಿಡಿಯೋ ನಿಪ್ಪಾಣಿ ಮುಟ್ಟಿತ್ತು. ನಮ್ಮ ತಂಡದ ಸಾವಿಗೆ ನಮ್ಮವನೇ ಚಪ್ಪಾಳೆ ಹೊಡೆದನೆಂದು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಉಗಿದದ್ದೇ ಉಗಿದದ್ದು. ಸುಳ್ಳು ಯಾಕೆ ಹೇಳಲಿ, ಉಗಿದವರಲ್ಲಿ ನಾನೂ ಒಬ್ಬ. ಅವನು ಎಲ್ಲವನ್ನೂ ಓದಿ ಫೋನು ಜೇಬಿಗೆ ಹಾಕಿಕೊಂಡ.

ತವನಪ್ಪ ಸ್ಕೂಟರಿನಲ್ಲಿ ಬಂದು ಅವನ ಪಕ್ಕದ ಕಟ್ಟೆಯ ಮೇಲೆ ಕೂತ. ತವನಪ್ಪನಂಥ ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ, ಮುಳುಗಿದ ಮೇಲೆ ಇಲ್ಲ. ಆ ಹೊತ್ತಿಗೆ ಅವನು ತಾಟಿನ ಮುಂದೆ ಇರಬೇಕಾಗಿತ್ತು. ಬೈಗುಳ ಬರುತ್ತದೆಂದು ಅಕ್ಬರಸಾಬ ಕಾದ. ಹೊತ್ತು ಮುಳುಗಿತು. ತವನಪ್ಪ ಏಳಲಿಲ್ಲ.

"ನಿಮ್ಮ ಗೋಲಿಗೆ ಚೆಂಡ ಬಿದ್ದಿದ್ರ ನನ್ನ ಕೈನೂ ಹಂಗ ಚಪ್ಪಾಳಿ ಹೊಡೀತಿದ್ದವು," ಎಂದ ಕೊನೆಗೆ. "ಎಷ್ಟ ವರ್ಷದ ಚಟ ಐತಿ ಅದು."

"ನಮ್ಮ ಟೀಮ್ ಮುಚ್ಚತಾರ, ತವನಪ್ಪ."

ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ತವನಪ್ಪ ಸ್ಕೂಟರಿನ ಕೀಲಿಯನ್ನು ಬೆರಳಿನಲ್ಲಿ ತಿರುವುತ್ತ ಕೂತ. ನಿಪ್ಪಾಣಿಯ ಬಸ್ಸು ಬಂದು ನಿಂತಿತು.

"ಹಂಗಾದ್ರ ಮುಂದಿನ ವರ್ಷ ನಾ ಯಾರಿಗೆ ಬೈಲಿ?" ಎಂದ ತವನಪ್ಪ.

ಅಕ್ಬರಸಾಬ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ಬಸ್ಸು ಹೊರಟಾಗಲೂ ತವನಪ್ಪ ಆ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ.